ಧರ್ಮ ಅಧ್ಯಯನ ಅಂದ್ರೆ ಪೂಜೆ ಕಲಿಸುವ ಕೋರ್ಸಾ, ನಾಸ್ತಿಕರನ್ನು ತಯಾರಿಸುವ ಕೋರ್ಸಾ?

ಎರಡನೇ ಬೆಂಚು:

ನನ್ನ ಅಕ್ಕನ ಮಗಳು ಇತಿಹಾಸದಲ್ಲಿ ಬಿ.ಎ. ಮುಗಿಸಿದ್ದಾಳೆ. ಈಗ ರಿಲಿಜಿಯಸ್ ಸ್ಟಡೀಸ್‌ನಲ್ಲೇ ಎಂ.ಎ. ಮಾಡಬೇಕು ಅಂತ ಹಟ ಹಿಡಿದು ಕೂತಿದ್ದಾಳೆ. ಮನೆಯಲ್ಲಿ ಎರಡು ಪಕ್ಷ ಆಗಿದೆ. ಮೊಮ್ಮಗಳು ದೇವರ ವಿಷಯ ಓದುತ್ತಾಳಂತೆ ಅಂತ ಅಜ್ಜಿಗೆ ಖುಷಿಯೋ ಖುಷಿ. ಓದಿ ಬಂದ ಮೇಲೆ ದೇವರಿಗೆ ಕೈ ಮುಗಿಯುವುದನ್ನೂ ಬಿಟ್ಟುಬಿಟ್ಟರೆ ಅಂತ ಅವಳ ಅಪ್ಪನಿಗೆ ಭಯ. ಇಬ್ಬರೂ ನನ್ನನ್ನೇ ಕೇಳುತ್ತಾರೆ. ನನಗೋ ಇದರ ತಲೆಬುಡ ಗೊತ್ತಿಲ್ಲ. ಅವಳನ್ನೇ ಕೇಳಿದರೆ "ಮಾಮ, ಅದು ಎರಡೂ ಅಲ್ಲ" ಅಂತ ನಗುತ್ತಾಳೆ. ಸರಿ, ಮತ್ತೇನು? ಇದನ್ನು ಓದಿದವರು ಯಾರಾದರೂ ಇಲ್ಲಿದ್ದರೆ ಸ್ವಲ್ಪ ಬಿಡಿಸಿ ಹೇಳಿ.

ಹಳೇ ಪುಟ:

ನಾನು ಓದಿದ್ದೇನೆ, ತುಂಬಾ ವರ್ಷಗಳ ಹಿಂದೆ. ನಿಮ್ಮ ಅಜ್ಜಿಯೂ ತಪ್ಪು, ಭಾವನವರೂ ತಪ್ಪು, ಅಕ್ಕನ ಮಗಳು ಸರಿ.

ಮೊದಲ ಪ್ರಬಂಧದ ಕಥೆ ಹೇಳುತ್ತೇನೆ, ಅದರಲ್ಲೇ ವಿಷಯ ಅರ್ಥ ಆಗುತ್ತದೆ. ಒಬ್ಬ ಸಂತರ ಬಗ್ಗೆ ಹತ್ತು ಪುಟ ಬರೆದಿದ್ದೆ. ಅವರು ಹುಟ್ಟಿದಾಗ ಹೀಗಾಯಿತು, ಅವರು ಕುರುಡನಿಗೆ ಕಣ್ಣು ಕೊಟ್ಟರು, ರಾಜ ಬಂದು ಕಾಲಿಗೆ ಬಿದ್ದ, ಹೀಗೆ. ವಾಪಸ್ ಬಂದಾಗ ಪುಟದ ತುಂಬಾ ಪೆನ್ಸಿಲ್‌ನಲ್ಲಿ ಒಂದೇ ಪ್ರಶ್ನೆ: "ಯಾರು ಹೇಳಿದ್ದು?" ಹದಿನೇಳು ಸಲ! ಮೇಷ್ಟ್ರಿಗೆ ಪವಾಡದಲ್ಲಿ ನಂಬಿಕೆ ಇಲ್ಲ ಅಂದುಕೊಂಡು, ಮುಂದಿನ ಪ್ರಬಂಧದಲ್ಲಿ ಜಾಣತನ ಮಾಡಿ "ಇದೆಲ್ಲ ಜನರನ್ನು ನಂಬಿಸಲು ಕಟ್ಟಿದ ಕಥೆ" ಅಂತ ಬರೆದೆ. ಅದರ ಪಕ್ಕದಲ್ಲೂ ಅದೇ ಪೆನ್ಸಿಲ್, ಅದೇ ಪ್ರಶ್ನೆ.

ಅಲ್ಲಿಗೆ ಸ್ವಲ್ಪ ತಲೆಗೆ ಹೋಯಿತು. "ಅವರು ಕಣ್ಣು ಕೊಟ್ಟರು" ಅಂತ ಹೇಳುವುದು ಭಕ್ತರ ಕೆಲಸ. "ಕೊಡಲಿಲ್ಲ" ಅಂತ ಹೇಳುವುದು ವಿಚಾರವಾದಿಗಳ ಕೆಲಸ. ನಾವು ಕೇಳಬೇಕಾದ್ದು ಬೇರೆ. ಈ ಕಥೆ ಮೊದಲು ಎಲ್ಲಿ ಕಾಣಿಸುತ್ತದೆ? ಸಂತರು ತೀರಿಕೊಂಡ ಎಷ್ಟು ವರ್ಷಕ್ಕೆ? ಬರೆದವರು ಯಾವ ಗುಂಪಿನವರು? ರಾಜ ಕಾಲಿಗೆ ಬಿದ್ದ ಭಾಗ ಹಳೇ ಪ್ರತಿಯಲ್ಲಿ ಇಲ್ಲ, ಹೊಸದರಲ್ಲಿ ಇದೆ ಅಂದರೆ ನಡುವೆ ಏನಾಯಿತು? ಯಾರಿಗಾದರೂ ದಾನದ ಭೂಮಿ ಬೇಕಾಗಿತ್ತಾ?

ಥಿಯಾಲಜಿಗೂ, ಅಂದರೆ ದೇವತಾಶಾಸ್ತ್ರಕ್ಕೂ, ಇದಕ್ಕೂ ಇರುವ ಅಂತರ ಇದೇ. ಥಿಯಾಲಜಿ ಒಂದು ಸಮುದಾಯದ ಒಳಗೆ ನಿಂತು, ಆ ಸಮುದಾಯಕ್ಕಾಗಿ ಯೋಚಿಸುತ್ತದೆ. ಅದು ಕೀಳು ಅಂತ ನಾನು ಹೇಳುತ್ತಿಲ್ಲ, ಕೆಲಸ ಬೇರೆ ಅಷ್ಟೇ. ಎರಡೂ ಬೇರೆಯಾಗಿದ್ದು 19ನೇ ಶತಮಾನದ ಕೊನೆಯ ಭಾಗದಲ್ಲಿ. 1870ರಲ್ಲಿ ವೇದಗಳ ವಿದ್ವಾಂಸ ಮ್ಯಾಕ್ಸ್ ಮುಲ್ಲರ್ ಲಂಡನ್ನಿನಲ್ಲಿ ಉಪನ್ಯಾಸ ಕೊಟ್ಟು ಧರ್ಮಕ್ಕೂ ಒಂದು ವಿಜ್ಞಾನ ಬೇಕು ಅಂದರು. ಒಂದೇ ಧರ್ಮ ಗೊತ್ತಿರುವವನಿಗೆ ಯಾವ ಧರ್ಮವೂ ಗೊತ್ತಿಲ್ಲ ಅನ್ನುವುದು ಅವರ ವಾದ. 1873ರಲ್ಲಿ ಜಿನೀವಾದಲ್ಲಿ, 1877ರಲ್ಲಿ ಲೈಡನ್‌ನಲ್ಲಿ ಇದಕ್ಕೇ ಅಂತ ಪ್ರಾಧ್ಯಾಪಕ ಹುದ್ದೆಗಳು ಬಂದವು. ಪ್ಯಾರಿಸ್ಸಿನ ಕಥೆ ಇನ್ನೂ ಮಜಾ ಇದೆ. 1885ರಲ್ಲಿ ಸರ್ಕಾರ ತನ್ನ ಕ್ಯಾಥೊಲಿಕ್ ಥಿಯಾಲಜಿ ವಿಭಾಗಗಳನ್ನು ಮುಚ್ಚಿತು, ಮಾರನೇ ವರ್ಷವೇ ಧರ್ಮಗಳ ಅಧ್ಯಯನಕ್ಕೆ ಹೊಸ ವಿಭಾಗ ತೆರೆಯಿತು. ಹಾಗಾಗಿ ಈ ವಿಷಯ ಹುಟ್ಟಿದ್ದೇ ಜಗಳದ ನಡುವೆ.

ನೇರಮಾತು:

ಚೆನ್ನಾಗಿ ಬರೆದಿದ್ದೀರಿ ಸರ್, ಆದರೆ ನನಗೆ ಇದು ಜಾರಿಕೊಳ್ಳುವ ದಾರಿ ಅನ್ನಿಸುತ್ತದೆ. ಕೋಟಿಗಟ್ಟಲೆ ಜನ ಒಂದು ಮಾತನ್ನು ನಿಜ ಅಂತ ನಂಬಿ ಅದಕ್ಕಾಗಿ ಪ್ರಾಣ ಕೊಡುತ್ತಾರೆ, ಪ್ರಾಣ ತೆಗೆಯುತ್ತಾರೆ. ನೀವು ಮೂವತ್ತು ವರ್ಷ ಅದನ್ನೇ ಓದುತ್ತೀರಿ, ಆದರೆ ಅದು ನಿಜವೋ ಸುಳ್ಳೋ ಅಂತ ಮಾತ್ರ ಕೇಳುವುದಿಲ್ಲ. ಜ್ಯೋತಿಷ್ಯದ ಇತಿಹಾಸ ಬರೆದು, ಅದು ಫಲಿಸುತ್ತದಾ ಅಂತ ಕೇಳಿದರೆ "ಅದು ನನ್ನ ಇಲಾಖೆ ಅಲ್ಲ" ಅಂದ ಹಾಗೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ತಾನೇ?

ಹಳೇ ಪುಟ:

ಈ ಪ್ರಶ್ನೆ ಬರಲಿ ಅಂತಲೇ ಕಾಯುತ್ತಿದ್ದೆ.

ಇವಾನ್ಸ್ ಪ್ರಿಚರ್ಡ್ ಅಂತ ಒಬ್ಬ ಮಾನವಶಾಸ್ತ್ರಜ್ಞ ಇದ್ದರು. 1920ರ ದಶಕದಲ್ಲಿ ದಕ್ಷಿಣ ಸುಡಾನಿನ ಅಜಾಂಡೆ ಜನರ ನಡುವೆ ಇದ್ದು ಬಂದು, 1937ರಲ್ಲಿ ಅವರ ಮಾಟದ ನಂಬಿಕೆಯ ಬಗ್ಗೆ ಪುಸ್ತಕ ಬರೆದರು. ಅದರಲ್ಲಿ ಒಂದು ಕಣಜದ ಪ್ರಸಂಗ ಬರುತ್ತದೆ. ಅಲ್ಲಿ ಕಾಳು ತುಂಬುವ ಕಣಜಗಳನ್ನು ಕಂಬದ ಮೇಲೆ ಕಟ್ಟುತ್ತಾರೆ. ಮಧ್ಯಾಹ್ನದ ಬಿಸಿಲಿಗೆ ಜನ ಅದರ ನೆರಳಲ್ಲಿ ಕೂರುತ್ತಾರೆ. ಒಮ್ಮೊಮ್ಮೆ ಕಣಜ ಕುಸಿದು ಕೆಳಗಿದ್ದವರಿಗೆ ಏಟಾಗುತ್ತದೆ. ಕಂಬಕ್ಕೆ ಗೆದ್ದಲು ಹಿಡಿದಿತ್ತು ಅಂತ ಅಜಾಂಡೆಗಳಿಗೂ ಚೆನ್ನಾಗಿ ಗೊತ್ತು, ಅವರೇನು ದಡ್ಡರಲ್ಲ. ಅವರು ಕೇಳುವುದು, ಇದೇ ಜನ ಕೂತಿದ್ದ ಇದೇ ಹೊತ್ತಿಗೆ ಯಾಕೆ ಬಿತ್ತು ಅಂತ. ಉತ್ತರ: ಮಾಟ. ನಾವಾದರೆ ಕಾಕತಾಳೀಯ ಅಂದು ಎದ್ದು ಹೋಗುತ್ತೇವೆ.

ಈಗ ನೋಡಿ, "ಮಾಟ ಸುಳ್ಳು" ಅಂತ ಮೊದಲ ಪುಟದಲ್ಲೇ ಬರೆದು ಮುಗಿಸಿದ್ದರೆ ಗೆದ್ದಲಿನ ವಿಷಯ ಅವರಿಗೂ ಗೊತ್ತಿತ್ತು ಅನ್ನುವುದೇ ನಮಗೆ ಗೊತ್ತಾಗುತ್ತಿರಲಿಲ್ಲ. ಆ ಪುಣ್ಯಾತ್ಮ ಅಲ್ಲಿದ್ದಾಗ ತಮ್ಮ ಮನೆಯ ವ್ಯವಹಾರವನ್ನೂ ಅಜಾಂಡೆಗಳ ಹಾಗೇ ಶಕುನ ಕೇಳಿ ನಡೆಸಿದರಂತೆ, ಅದರಿಂದ ಏನೂ ತೊಂದರೆ ಆಗಲಿಲ್ಲ ಅಂತಲೂ ಬರೆದಿದ್ದಾರೆ. ಅಂದಮಾತ್ರಕ್ಕೆ ಮಾಟ ಇದೆ ಅಂತ ಒಪ್ಪಿಕೊಂಡವರಲ್ಲ. ಅವರ ಪ್ರಕಾರ ಅಜಾಂಡೆಗಳು ಹೇಳುವಂಥ ಮಾಟಗಾರರು ಇರಲು ಸಾಧ್ಯವೇ ಇಲ್ಲ, ಅದನ್ನೂ ಬರೆದಿದ್ದಾರೆ. 1944ರಲ್ಲಿ ಸ್ವತಃ ಕ್ಯಾಥೊಲಿಕ್ ಆದರು. ಇಂಥವರನ್ನು ಯಾವ ಪಕ್ಷಕ್ಕೆ ಸೇರಿಸುತ್ತೀರಿ?

ನಿಜವೋ ಸುಳ್ಳೋ ಅನ್ನುವ ಪ್ರಶ್ನೆಯನ್ನು ಕಸದ ಬುಟ್ಟಿಗೆ ಹಾಕುವುದಿಲ್ಲ. ಸ್ವಲ್ಪ ಹೊತ್ತು ಪಕ್ಕಕ್ಕೆ ಇಡುತ್ತೇವೆ. ಹೌದು, ಪಕ್ಕಕ್ಕಿಟ್ಟು ಮರೆತೇಹೋದವರು ತುಂಬಾ ಜನ ಇದ್ದಾರೆ, ಆ ಆರೋಪ ಒಪ್ಪುತ್ತೇನೆ.

ನೇರಮಾತು:

ಕಣಜದ ಉದಾಹರಣೆ ಸರಿ. "ಸ್ವಲ್ಪ ಹೊತ್ತು" ಅಂದರೆ ಎಷ್ಟು ಹೊತ್ತು ಅಂತ ಮಾತ್ರ ಹೇಳಲಿಲ್ಲ 😀

ದೀಪದ ಕಂಬ:

ನಾನು ಇನ್ನೊಂದು ಕಡೆಯಿಂದ ಜಗಳ ಆಡಲು ಬಂದಿದ್ದೇನೆ. ನಾನು ನಂಬುವವಳು, ದಿನಾ ಪ್ರಾರ್ಥನೆ ಮಾಡುವವಳು. ನಮ್ಮ ಪರಂಪರೆಯ ಬಗ್ಗೆ ಒಬ್ಬರು ಬರೆದ ಸಂಶೋಧನಾ ಲೇಖನ ಸಿಕ್ಕಿತು ಅಂತ ಆಸೆಯಿಂದ ಓದಿದೆ. ಒಂದು ಸಾಲಿನಲ್ಲೂ ನನಗೆ ನಾನು ಕಾಣಲಿಲ್ಲ. ನಾನು ಉಪವಾಸ ಮಾಡುವುದು "ಗುಂಪಿನ ಗಡಿಯನ್ನು ಗಟ್ಟಿ ಮಾಡಲು" ಅಂತೆ. ಹಾಡುವಾಗ ಕಣ್ಣಲ್ಲಿ ನೀರು ಬರುವುದು "ಕಲಿತ ಅಭ್ಯಾಸ" ಅಂತೆ. ಸೂಕ್ಷ್ಮದರ್ಶಕದ ಕೆಳಗೆ ಹುಳು ಇಟ್ಟ ಹಾಗೆ ಇಟ್ಟಿದ್ದರು. ಆ ಹುಳುವಿಗೂ ಒಂದು ಮಾತು ಇರುತ್ತದೆ ಅಲ್ವಾ? ನಂಬುವವರು ಓದಿ "ಹೌದು, ಇದು ನಾವು" ಅನ್ನದೆ ಹೋದರೆ ಆ ಲೇಖನಕ್ಕೆ ಏನು ಬೆಲೆ?

ಹಳೇ ಪುಟ:

ಮೇಡಂ, ನೀವು ಹೇಳಿದ್ದನ್ನೇ 1959ರಲ್ಲಿ ಧರ್ಮಗಳ ವಿದ್ವಾಂಸ ವಿಲ್‌ಫ್ರೆಡ್ ಕ್ಯಾಂಟ್‌ವೆಲ್ ಸ್ಮಿತ್ ಹೆಚ್ಚುಕಡಿಮೆ ನಿಯಮ ಅಂತಲೇ ಮಾಡಿದ್ದರು. ಒಂದು ಧರ್ಮದ ಬಗ್ಗೆ ಹೇಳಿದ ಮಾತನ್ನು ಅದನ್ನು ನಂಬುವವರು ಒಪ್ಪಬೇಕು, ಇಲ್ಲದಿದ್ದರೆ ಆ ಮಾತು ನಿಲ್ಲುವುದಿಲ್ಲ ಅಂತ. ಹೊರಗೆ ಕೂತು ಊಹೆ ಮಾಡಿದವರ ಕಾಲದಲ್ಲಿ ಅದು ಬೇಕಾಗಿತ್ತು. ಮುಲ್ಲರ್ ಅವರನ್ನೇ ನೋಡಿ. ಪೂರ್ವದೇಶಗಳ ಧರ್ಮಗ್ರಂಥಗಳ 50 ಸಂಪುಟಗಳ ಮಾಲೆಗೆ ಸಂಪಾದಕರು. 1879ರಲ್ಲಿ ಶುರುವಾದದ್ದು ಮುಗಿಯುವಷ್ಟರಲ್ಲಿ 1910 ಆಗಿತ್ತು, ಅವರೇ ತೀರಿಕೊಂಡು ಹತ್ತು ವರ್ಷ. ಜೀವಮಾನವೆಲ್ಲ ವೇದ ಓದಿದರು, ಭಾರತಕ್ಕೆ ಮಾತ್ರ ಒಂದು ಸಲವೂ ಬರಲಿಲ್ಲ. ಅವರ ಕಾಲದಿಂದ ಅಂಟಿದ ಚಟ ಇನ್ನೂ ಪೂರ್ತಿ ಹೋಗಿಲ್ಲ: ಧರ್ಮ ಅಂದರೆ ಗ್ರಂಥ. ಮೈಮೇಲೆ ದೇವರು ಬರುವುದು, ಹರಕೆ, ಹೆಂಗಸರು ಮನೆಯೊಳಗೆ ಮಾಡುವ ಆಚರಣೆ, ಇದೆಲ್ಲ ಅವರ ಲೆಕ್ಕದಲ್ಲಿ "ಮೂಢನಂಬಿಕೆ" ಖಾತೆಗೆ ಹೋಯಿತು.

ಆದರೆ ಸ್ಮಿತ್ ಅವರ ನಿಯಮಕ್ಕೆ ಒಂದು ತೂತು ಇದೆ. ಯಾವ ನಂಬುವವರು? ಗುರುಗಳನ್ನು ಕೇಳಿದರೆ ಒಂದು ಉತ್ತರ, ಒಳಗೆ ಬಿಡದೆ ಬಾಗಿಲಲ್ಲೇ ನಿಲ್ಲಿಸಿದವರನ್ನು ಕೇಳಿದರೆ ಇನ್ನೊಂದು. ಸಾಮಾನ್ಯವಾಗಿ ಜೋರು ದನಿ ಇದ್ದವರೇ "ನಾವೇ ಒಳಗಿನವರು" ಅನ್ನುತ್ತಾರೆ. ಬ್ರೂಸ್ ಲಿಂಕನ್ ಅನ್ನುವ ವಿದ್ವಾಂಸರು 1996ರಲ್ಲಿ ಸಣ್ಣದೊಂದು ಲೇಖನ ಬರೆದು ಇದನ್ನೇ ಕುಟುಕಿದರು: ಅಧ್ಯಯನಕ್ಕೆ ಒಳಗಾದವರೇ ತಮ್ಮನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಅಂತ ಷರತ್ತು ಹಾಕಲು ಬಿಟ್ಟರೆ, ಅಲ್ಲಿಗೆ ವಿದ್ವಾಂಸನ ಕೆಲಸ ಮುಗಿಯಿತು ಅಂತ.

ನನ್ನ ಅಭಿಪ್ರಾಯ? ನಿಮಗೆ ಸಿಕ್ಕ ಲೇಖನ ಕೆಟ್ಟ ಲೇಖನ ಇರಬಹುದು. ಕಣ್ಣೀರು ಕಲಿತ ಅಭ್ಯಾಸ ಅನ್ನುವುದು ಸುಳ್ಳಲ್ಲ, ಮಾತೃಭಾಷೆಯೂ ಕಲಿತ ಅಭ್ಯಾಸವೇ. ಕಲಿತದ್ದು ಅಂದ ಕೂಡಲೇ ನಾಟಕ ಅಂತ ಅರ್ಥ ಬರುವ ಹಾಗೆ ಬರೆದದ್ದು ತಪ್ಪು.

ದೀಪದ ಕಂಬ:

ಮಾತೃಭಾಷೆಯ ಹೋಲಿಕೆ ಮನಸ್ಸಿಗೆ ಬಂತು. ಉಪವಾಸದ ವಿಷಯ ಮಾತ್ರ ಇನ್ನೂ ಒಪ್ಪಿಲ್ಲ, ಬರೆದುಕೊಳ್ಳಿ.

ಗಣಿತದ ಮೇಷ್ಟ್ರು:

ಒಂದು ಸಂದೇಹ. ಇಷ್ಟೆಲ್ಲ ಮಾತಾಡುತ್ತಿದ್ದೀರಿ, ಧರ್ಮ ಅಂದರೆ ಏನು ಅಂತ ಇನ್ನೂ ಯಾರೂ ಹೇಳಲಿಲ್ಲ. ನಮ್ಮಲ್ಲಿ ಮೊದಲು ವ್ಯಾಖ್ಯೆ, ಆಮೇಲೆ ಪ್ರಮೇಯ.

ಪದಹುಡುಕ:

ಮೇಷ್ಟ್ರೇ, ಕೆಣಕಿದಿರಿ, ಅನುಭವಿಸಿ.

ವ್ಯಾಖ್ಯೆಯೇ ಈ ವಿಷಯದ ಹಳೇ ಗಾಯ. 1871ರಲ್ಲಿ ಮಾನವಶಾಸ್ತ್ರಜ್ಞ ಟೈಲರ್, ಧರ್ಮ ಅಂದರೆ ಕಡೇಪಕ್ಷ ಆತ್ಮ, ದೇವರು, ಭೂತ ಇಂಥವುಗಳಲ್ಲಿ ನಂಬಿಕೆ ಅಂದರು. ಹಾಗಾದರೆ ದೇವರ ಗೊಡವೆಗೇ ಹೋಗದ ಬೌದ್ಧರ ಕಥೆ ಏನು? 1912ರಲ್ಲಿ ಸಮಾಜಶಾಸ್ತ್ರಜ್ಞ ಡರ್ಕೈಮ್ ದೇವರನ್ನು ಪಕ್ಕಕ್ಕೆ ಸರಿಸಿ, ಪವಿತ್ರ ಅಂತ ಬೇರೆ ತೆಗೆದಿಟ್ಟ ವಸ್ತುಗಳ ಸುತ್ತ ಒಂದಾಗುವ ಸಮುದಾಯವೇ ಧರ್ಮ ಅಂದರು. ಹಾಗಾದರೆ ಧ್ವಜವಂದನೆ? ಕ್ರಿಕೆಟ್? ಬಲೆ ಸಣ್ಣದು ಮಾಡಿದರೆ ಮೀನೇ ಸಿಗುವುದಿಲ್ಲ, ದೊಡ್ಡದು ಮಾಡಿದರೆ ದೋಣಿಯೂ ಒಳಗೆ ಬರುತ್ತದೆ. ಧರ್ಮ ಅಧ್ಯಯನದವರೇ ಆದ ಜೊನಾಥನ್ ಸ್ಮಿತ್ (ಮೇಲಿನ ಸ್ಮಿತ್ ಬೇರೆ) 1982ರಲ್ಲಿ ಇನ್ನೂ ಮುಂದೆ ಹೋಗಿ, ಧರ್ಮ ಅನ್ನುವ ವರ್ಗವೇ ವಿದ್ವಾಂಸರ ಓದುಕೋಣೆಯಲ್ಲಿ ಹುಟ್ಟಿದ್ದು ಅಂದುಬಿಟ್ಟರು. ಜನರ ಆಚರಣೆ, ಕಥೆ, ಅನುಭವ ಎಲ್ಲ ಇವೆ, ಅವನ್ನೆಲ್ಲ ಒಂದೇ ಚೀಲಕ್ಕೆ ಹಾಕಿ ಚೀಟಿ ಅಂಟಿಸಿದವರು ನಾವು ಅಂತ.

ಕನ್ನಡದಲ್ಲೇ ನೋಡಿ. ರಿಲಿಜನ್‌ಗೆ ನಾವು ಧರ್ಮ ಅನ್ನುತ್ತೇವೆ. ಆದರೆ ಪುಕ್ಕಟೆ ಸಿಕ್ಕಿದ್ದಕ್ಕೆ "ಧರ್ಮಕ್ಕೆ ಬಂತು" ಅಂತೀವಿ. ಜನ ಸೇರಿ ಕಳ್ಳನಿಗೆ ಕೊಡುವುದು ಧರ್ಮದೇಟು. ಇವು ಯಾವುದರಲ್ಲೂ ರಿಲಿಜನ್ ಇಲ್ಲ! ಮತ ಅನ್ನೋಣ ಅಂದರೆ ಅದು ಅಭಿಪ್ರಾಯವೂ ಹೌದು, ಚುನಾವಣೆಯಲ್ಲಿ ಹಾಕುವುದೂ ಅದೇ. ನಮ್ಮ ಪದಗಳು ಕೆಟ್ಟಿವೆ ಅಂತಲ್ಲ. ಅವು ಬೇರೆ ಅಳತೆಗೆ ಹೊಲಿದ ಬಟ್ಟೆ. ಬೆಂಗಳೂರಿನಲ್ಲಿ ಹುಟ್ಟಿ ಬೆಲ್ಜಿಯಂನ ಗೆಂಟ್‌ನಲ್ಲಿ ಪಾಠ ಮಾಡಿದ ಬಾಲಗಂಗಾಧರ ಅವರು 1994ರ ಪುಸ್ತಕದಲ್ಲಿ ಇದನ್ನು ಕೊನೆಯವರೆಗೂ ಎಳೆದುಕೊಂಡು ಹೋದರು. ರಿಲಿಜನ್ ಅನ್ನುವ ಕಲ್ಪನೆಯೇ ಕ್ರೈಸ್ತ ಥಿಯಾಲಜಿಯಿಂದ ಬಂದದ್ದು, ಭಾರತದ ಪರಂಪರೆಗಳು ರಿಲಿಜನ್ನೇ ಅಲ್ಲ ಅಂತ. ನಾನು ಪೂರ್ತಿ ಒಪ್ಪುವುದಿಲ್ಲ. ಹೊರಗಿಂದ ಬಂದ ಪದವಾದರೂ ಇಷ್ಟು ದಿನ ಬಳಸಿ ಬಳಸಿ ಜನ ಅದರೊಳಗೆ ಬದುಕತೊಡಗಿದ್ದಾರೆ, ಅದೂ ಒಂದು ಸತ್ಯವೇ.

ಇದು ಸುಮ್ನೆ ಪದದ ಆಟ ಅಂದುಕೊಳ್ಳಬೇಡಿ. ಜಪಾನಿಗೆ 19ನೇ ಶತಮಾನದಲ್ಲಿ ವಿದೇಶಗಳ ಜೊತೆಗಿನ ಒಪ್ಪಂದಗಳಲ್ಲಿ ರಿಲಿಜನ್ ಅನ್ನುವ ಪದ ಎದುರಾಯಿತು. ಸರಿಹೊಂದುವ ಪದ ಇರಲಿಲ್ಲ. ಅಪರೂಪಕ್ಕೆ ಬಳಕೆಯಲ್ಲಿದ್ದ "ಶೂಕ್ಯೋ" ಅನ್ನುವ ಬೌದ್ಧ ಪದವನ್ನು ಎಳೆದು ತಂದು ಕೂರಿಸಿದರು. ಆಮೇಲೆ ಸರ್ಕಾರ, ಜಪಾನಿನದೇ ಪರಂಪರೆಯಾದ ಶಿಂಟೋದ ದೇಗುಲಗಳು ಶೂಕ್ಯೋ ಅಲ್ಲ, ಅದು ನಾಗರಿಕರ ಕರ್ತವ್ಯ ಅಂದಿತು. 1900ರಲ್ಲಿ ದೇಗುಲಗಳಿಗೆ ಒಂದು ಕಚೇರಿ, ಧರ್ಮಗಳಿಗೆ ಬೇರೆ ಕಚೇರಿ. 1932ರಲ್ಲಿ ಟೋಕಿಯೋದ ಒಂದು ಕ್ಯಾಥೊಲಿಕ್ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳು ಯುದ್ಧದಲ್ಲಿ ಸತ್ತವರ ಸ್ಮರಣೆಯ ಯಾಸುಕುನಿ ಶಿಂಟೋ ದೇಗುಲದಲ್ಲಿ ತಲೆಬಾಗಲು ಒಪ್ಪದೆ ಇದ್ದಾಗ ಬಂದ ಉತ್ತರ: ಇದು ದೇಶಭಕ್ತಿ, ಧರ್ಮ ಅಲ್ಲ, ಬಾಗಿ. ನೋಡಿದಿರಾ ಮೇಷ್ಟ್ರೇ, ನೀವು ಕೇಳಿದ ವ್ಯಾಖ್ಯೆ ಯಾರ ಕೈಯಲ್ಲಿದೆ ಅನ್ನುವುದರ ಮೇಲೆ ಯಾರ ಬೆನ್ನು ಬಾಗಬೇಕು ಅನ್ನುವುದು ನಿಂತಿತ್ತು.

ಗಣಿತದ ಮೇಷ್ಟ್ರು:

ಕೇಳಿದ್ದು ನನ್ನದೇ ತಪ್ಪು. ಆದರೂ ಜಪಾನಿನ ಕಥೆಗೆ ಧನ್ಯವಾದ. ಅಂದರೆ ಇವರ ಇಲಾಖೆಯಲ್ಲಿ ವ್ಯಾಖ್ಯೆಯೇ ಪ್ರಮೇಯ.

ಎರಡನೇ ಬೆಂಚು:

ಓದುತ್ತಾ ಇದ್ದೇನೆ, ಮಜಾ ಬರುತ್ತಿದೆ. ಆದರೆ ಭಾವನವರು ಕೇಳುವ ಪ್ರಶ್ನೆ ಬಾಕಿ ಇದೆ. ಇದರಿಂದ ಯಾರಿಗೆ ಏನು ಉಪಯೋಗ? ವಿಶ್ವವಿದ್ಯಾಲಯಗಳು ದುಡ್ಡು ಕೊಟ್ಟು ಇದನ್ನು ಯಾಕೆ ನಡೆಸುತ್ತವೆ?

ಹಳೇ ಪುಟ:

ವಿಶ್ವವಿದ್ಯಾಲಯದ ಮಾತು ಬೇಗ ಮುಗಿಸುತ್ತೇನೆ. ಅಮೆರಿಕದಲ್ಲಿ 1963ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಿ ಶಾಲೆಗಳಲ್ಲಿ ಬೈಬಲ್ ಪಠಣ ಮಾಡಿಸುವುದು ಸಂವಿಧಾನಕ್ಕೆ ವಿರುದ್ಧ ಅಂದಿತು. ಅದೇ ತೀರ್ಪಿನಲ್ಲಿ, ಧರ್ಮದ ಬಗ್ಗೆ ಪಾಠ ಮಾಡಲು ಅಡ್ಡಿ ಇಲ್ಲ ಅಂತಲೂ ಬಂತು. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಅದು ಹಸಿರು ದೀಪ ಆಯಿತು. ಇಂಗ್ಲೆಂಡಿನಲ್ಲಿ 1967ರಲ್ಲಿ ನಿನಿಯನ್ ಸ್ಮಾರ್ಟ್ ಲ್ಯಾಂಕಾಸ್ಟರ್‌ನಲ್ಲಿ ವಿಭಾಗ ಕಟ್ಟಿದರು. ನಮ್ಮ ಸುಪ್ರೀಂ ಕೋರ್ಟ್ ಕೂಡ 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ, ಧರ್ಮಬೋಧನೆ ಬೇರೆ, ಧರ್ಮಗಳ ಅಧ್ಯಯನ ಬೇರೆ ಅಂತಲೇ ಹೇಳಿತು.

ಉಪಯೋಗ ಅಂದಿರಿ. ವೇಕೋ ಕಥೆ ಹೇಳುತ್ತೇನೆ. 1993ರ ಫೆಬ್ರವರಿ 28ರಂದು ಟೆಕ್ಸಸ್‌ನ ವೇಕೋ ಊರಿನ ಹೊರಗೆ ಬ್ರಾಂಚ್ ಡೇವಿಡಿಯನ್ ಅನ್ನುವ ಪಂಥದವರ ವಸತಿಯ ಮೇಲೆ ಶಸ್ತ್ರಾಸ್ತ್ರದ ತನಿಖೆಗೆ ದಾಳಿ ಆಯಿತು. ಗುಂಡು ಹಾರಿ ಎರಡೂ ಕಡೆ ಜನ ಸತ್ತರು. ಆಮೇಲೆ ಎಫ್‌ಬಿಐ (ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ) 51 ದಿನ ಮುತ್ತಿಗೆ ಹಾಕಿತು. ಒಳಗೆ ಡೇವಿಡ್ ಕೊರೇಶ್ ಅನ್ನುವ ನಾಯಕ. ಬೈಬಲ್ಲಿನ ಕೊನೆಯ ಪುಸ್ತಕ ಪ್ರಕಟನೆಯಲ್ಲಿ ಏಳು ಮುದ್ರೆಗಳು ಬರುತ್ತವೆ, ಅವುಗಳ ಅರ್ಥ ಬಿಡಿಸಲು ಬಂದವನು ತಾನು ಅನ್ನುವುದು ಆತನ ನಂಬಿಕೆ. ಸಂಧಾನಕಾರರಿಗೆ ಗಂಟೆಗಟ್ಟಲೆ ಅದನ್ನೇ ಹೇಳುತ್ತಿದ್ದ. ಅವರ ಕಿವಿಗೆ ಅದು ಬರೀ ಹರಟೆ. "ಬೈಬಲ್ ಬಡಬಡಿಕೆ" ಅಂತಲೇ ಕರೆದರು.

ಜೇಮ್ಸ್ ಟೇಬರ್, ಫಿಲಿಪ್ ಆರ್ನಲ್ಡ್ ಅಂತ ಇಬ್ಬರು ವಿದ್ವಾಂಸರಿಗೆ ಆ ಭಾಷೆ ಗೊತ್ತಿತ್ತು. ಆತನ ಕಣ್ಣಲ್ಲಿ ಈ ಮುತ್ತಿಗೆ ಐದನೇ ಮುದ್ರೆ ಅಂತ ಅವರು ಗುರುತಿಸಿದರು. ಆ ಭಾಗದಲ್ಲಿ, ನಂಬಿಕೆಗಾಗಿ ಸತ್ತವರಿಗೆ, ನಿಮ್ಮ ಹಾಗೇ ಇನ್ನೂ ಕೆಲವರು ಸಾಯುವ ತನಕ ಸ್ವಲ್ಪ ಕಾಲ ಕಾಯಿರಿ ಅಂತ ಬರುತ್ತದೆ. ಸುತ್ತ ಟ್ಯಾಂಕ್ ನಿಲ್ಲಿಸಿಕೊಂಡು ಇದನ್ನು ಓದುವವನಿಗೆ ಏನು ಅನ್ನಿಸಬೇಕು ಹೇಳಿ! ಅವರಿಬ್ಬರೂ ರೇಡಿಯೋದಲ್ಲಿ ಮಾತಾಡಿ, ಈ ಭಾಗವನ್ನು ಬೇರೆ ರೀತಿಯಲ್ಲೂ ಓದಬಹುದು, ಕಾಯುವ ಕಾಲ ಅಂದರೆ ಬರೆಯುವ ಕಾಲವೂ ಆಗಬಹುದು ಅಂತ ಆತನದೇ ಭಾಷೆಯಲ್ಲಿ ಮುಟ್ಟಿಸಿದರು. ಏಪ್ರಿಲ್ 14ರಂದು ಕೊರೇಶ್ ಪತ್ರ ಕಳಿಸಿದ: ಏಳು ಮುದ್ರೆಗಳ ವಿವರಣೆ ಬರೆದು ಮುಗಿಸಿ ಹೊರಗೆ ಬರುತ್ತೇನೆ. ಕಾಲ ತಳ್ಳುವ ತಂತ್ರ ಅಂತ ಅಧಿಕಾರಿಗಳು ತೀರ್ಮಾನಿಸಿದರು. ಏಪ್ರಿಲ್ 19ರಂದು ಟ್ಯಾಂಕ್‌ಗಳು, ಅಶ್ರುವಾಯು, ಆಮೇಲೆ ಬೆಂಕಿ. ಮಕ್ಕಳೂ ಸೇರಿ 76 ಜನ. ಮೊದಲ ಮುದ್ರೆಯ ವಿವರಣೆಯನ್ನು ಆತ ಬರೆದಿದ್ದ. ಬದುಕಿ ಹೊರಬಂದ ಒಬ್ಬಾಕೆ ಅದನ್ನು ಡಿಸ್ಕ್‌ನಲ್ಲಿ ತಂದಿದ್ದರು.

ನೇರಮಾತು:

ಆತ ನಿಜವಾಗಿ ಹೊರಗೆ ಬರುತ್ತಿದ್ದ ಅನ್ನುವುದಕ್ಕೆ ಏನು ಖಾತ್ರಿ? ಮಕ್ಕಳ ಮೇಲೆ ದೌರ್ಜನ್ಯದ ಆರೋಪ ಇದ್ದ ಮನುಷ್ಯ. ನೀವು ಆತನ ಪರ ವಕಾಲತ್ತು ಮಾಡಿದ ಹಾಗೆ ಕೇಳಿಸುತ್ತದೆ.

ಹಳೇ ಪುಟ:

ಖಾತ್ರಿ ಇಲ್ಲ. ಆತ ಒಳ್ಳೆಯವನು ಅಂತ ನಾನು ಹೇಳಿಲ್ಲ, ಆ ವಿದ್ವಾಂಸರೂ ಹೇಳಿಲ್ಲ. ಆತ ಆಡಿದ ಮಾತಿಗೆ ಒಂದು ಅರ್ಥ ಇತ್ತು, ಅದನ್ನು ಓದಬಲ್ಲವರು ಫೋನಿನ ದೂರದಲ್ಲಿದ್ದರು, ಅಷ್ಟೇ ನನ್ನ ಮಾತು. 1996ರಲ್ಲಿ ಮೊಂಟಾನಾದಲ್ಲಿ ಸರ್ಕಾರದ ಅಧಿಕಾರವನ್ನೇ ಒಪ್ಪದ ಫ್ರೀಮೆನ್ ಅನ್ನುವ ಗುಂಪಿನ ಜೊತೆ ಇಂಥದ್ದೇ ಬಿಕ್ಕಟ್ಟು ಬಂದಾಗ ಎಫ್‌ಬಿಐ ಧರ್ಮ ಅಧ್ಯಯನದವರನ್ನೂ ಕೇಳಿತು, ಕಾಯಿತು. 81 ದಿನಕ್ಕೆ ಗುಂಡು ಹಾರದೆ ಮುಗಿಯಿತು. ಅದು ವಿದ್ವಾಂಸರಿಂದಲೇ ಆಯಿತು ಅನ್ನುವಷ್ಟು ದೊಡ್ಡ ಮಾತು ನಾನು ಆಡುವುದಿಲ್ಲ.

ನಮ್ಮವರ ಸೋಲೂ ಹೇಳಬೇಕು. 1978ರ ನವೆಂಬರ್ 18ರಂದು ಗಯಾನಾದ ಜೋನ್ಸ್‌ಟೌನ್‌ನಲ್ಲಿ ಜಿಮ್ ಜೋನ್ಸ್ ಅನ್ನುವ ಧರ್ಮಗುರುವಿನ ಪಂಥದ 900ಕ್ಕೂ ಹೆಚ್ಚು ಜನ ಸತ್ತರು, ಬಹಳಷ್ಟು ಮಂದಿ ವಿಷದಿಂದ. ಧರ್ಮ ಅಧ್ಯಯನದವರು ಬಾಯಿ ಬಿಡಲಿಲ್ಲ. ಮೇಲೆ ಹೇಳಿದ ಜೊನಾಥನ್ ಸ್ಮಿತ್ ಅವರೇ ಸಹೋದ್ಯೋಗಿಗಳನ್ನು ತರಾಟೆಗೆ ತೆಗೆದುಕೊಂಡರು: ಧರ್ಮ ಅಂದರೆ ಒಳ್ಳೆಯದು ಅಂತ ಒಳಗೊಳಗೇ ನಂಬಿಕೊಂಡು ಕೂತವರಿಗೆ ಇಂಥದ್ದು ಎದುರಾದಾಗ ಮಾತೇ ಹೊರಡುವುದಿಲ್ಲ. ಇದು ನಿಮಗೂ ಸೇರಿ ಹೇಳಿದ ಉತ್ತರ ನೇರಮಾತು ಅವರೇ. ಪಕ್ಕಕ್ಕಿಟ್ಟದ್ದನ್ನು ಮರೆಯುವುದು ಅಂದರೆ ಇದೇ. ನೀವು ಕೇಳಿದ "ಎಷ್ಟು ಹೊತ್ತು"ಗೆ ನನ್ನ ಹತ್ತಿರ ಗಡಿಯಾರ ಇಲ್ಲ, ಆದರೆ ಅರ್ಥ ಮಾಡಿಕೊಂಡ ಮೇಲೆ ತೀರ್ಪು ಕೊಡಬೇಡ ಅಂತ ಯಾರೂ ಹೇಳಿಲ್ಲ.

ನೇರಮಾತು:

ಸರಿ, ಅರ್ಧ ಒಪ್ಪಿದೆ.

ದೀಪದ ಕಂಬ:

ನಾನೂ ಅರ್ಧ. ಇಬ್ಬರದೂ ಸೇರಿಸಿದರೆ ಒಂದು ಆಗುತ್ತದಾ ಮೇಷ್ಟ್ರೇ?

ಗಣಿತದ ಮೇಷ್ಟ್ರು:

ಒಂದೇ ವಸ್ತುವಿನ ಅರ್ಧಗಳಾದರೆ ಮಾತ್ರ.

ಪದಹುಡುಕ:

ಎರಡನೇ ಬೆಂಚು ಅವರೇ, ಅಕ್ಕನ ಮಗಳಿಗೆ ಒಂದು ಮಾತು ಹೇಳಿ. ಸಿದ್ಧಾಂತ ಎಷ್ಟು ಬೇಕಾದರೂ ಆಮೇಲೆ ಓದಬಹುದು. ಮೊದಲು ಒಂದು ಭಾಷೆ ಹಿಡಿಯಲಿ. ಸಂಸ್ಕೃತ, ಪಾಲಿ, ಪ್ರಾಕೃತ, ಅರೇಬಿಕ್, ಹೀಬ್ರೂ, ಯಾವುದಾದರೂ ಸರಿ. ಅನುವಾದವನ್ನೇ ನಂಬಿಕೊಂಡು ಹೊರಟರೆ ಮೇಲೆ ಹೇಳಿದ ಧರ್ಮದೇಟಿನ ಕಥೆಯೇ ಆಗುತ್ತದೆ. ಇನ್ನು ಕೆಲಸ? ಅಧ್ಯಾಪಕ ಹುದ್ದೆಗಳು ಕಡಿಮೆ. ಇದರಲ್ಲಿ ಮುಚ್ಚಿಡುವುದು ಏನೂ ಇಲ್ಲ, ಭಾವನವರಿಗೆ ಮೊದಲೇ ತಿಳಿಸಿಬಿಡಿ.

ಎರಡನೇ ಬೆಂಚು:

ಎಲ್ಲರಿಗೂ ದೊಡ್ಡ ನಮಸ್ಕಾರ. ನಿನ್ನೆ ರಾತ್ರಿ ಇದನ್ನೆಲ್ಲ ಮನೆಯಲ್ಲಿ ಓದಿ ಹೇಳಿದೆ. ಭಾವ ವೇಕೋ ಕಥೆ ಮುಗಿಯುವ ತನಕ ಮಾತಾಡಲಿಲ್ಲ, ಆಮೇಲೆ "ಆ ಡಿಸ್ಕ್ ಈಗ ಎಲ್ಲಿದೆ" ಅಂತ ಕೇಳಿದರು. ಅಜ್ಜಿಗೆ ಕಣಜದ ಕಥೆ ಎರಡು ಸಲ ಹೇಳಬೇಕಾಯಿತು. "ಗೆದ್ದಲು ಸರಿ, ಆದರೆ ಅದೇ ಹೊತ್ತಿಗೆ ಯಾಕೆ ಬಿತ್ತು?" ಅಂತ ಅವರೂ ಕೇಳಿದರು. ಹುಡುಗಿ ಪಾಲಿ ಅನ್ನುತ್ತಿದ್ದಾಳೆ, ಅಪ್ಪ ಸಂಸ್ಕೃತ ಅನ್ನುತ್ತಿದ್ದಾರೆ. ಈಗ ಆ ಜಗಳ ನಡೆದಿದೆ.